ಮೂವತ್ತಾರಕ್ಕೆ ನಿಂತ ದನಿ

ಬೆಳಗಿನ ಹೊತ್ತು ಮೈಸೂರಿನ ಸರಸ್ವತೀಪುರಂನಲ್ಲಿ ಅಡ್ಡಾಡಿ ಬರುವುದು ನನ್ನ ಹಳೆಯ ಅಭ್ಯಾಸ. ದಾರಿಯಲ್ಲೊಂದು ಶಾಲೆ. ಮಕ್ಕಳು ನಾಡಗೀತೆ ಹಾಡುತ್ತಿದ್ದರೆ ಒಂದು ಗಳಿಗೆ ನಿಲ್ಲುತ್ತೇನೆ. ಪದ್ಯ ಕುವೆಂಪು ಅವರದೆಂದು ಎಲ್ಲರಿಗೂ ಗೊತ್ತು. ಧಾಟಿ ಯಾರದೆಂದು ಮೊನ್ನೆ ಒಬ್ಬ ಹುಡುಗನನ್ನು ಕೇಳಿದೆ. “ಬರೆದವರೇ ರಾಗಾನೂ ಹಾಕಿದ್ದಲ್ವಾ ತಾತ?” ಎಂದ.

ಅಲ್ಲ; ಅದು ನಮ್ಮ ಮೈಸೂರು ಅನಂತಸ್ವಾಮಿಯವರದು. ಪಿ. ಕಾಳಿಂಗರಾಯರ ತರುವಾಯ, ಕವಿಗಳ ಪದ್ಯಗಳನ್ನು ಪುಸ್ತಕದಿಂದ ಜನರ ನಾಲಗೆಗೆ ತಂದವರಲ್ಲಿ ಅವರು ಮೊದಲ ಸಾಲಿನವರು. ನಿಸಾರ್ ಅಹಮದರ ಗೀತೆಗಳಿಗೆ ಅವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಾಗ, ಕನ್ನಡದ ಭಾವಗೀತೆ ಮೊತ್ತಮೊದಲು ಕ್ಯಾಸೆಟ್ಟನ್ನೇರಿ ಮನೆಮನೆ ಹೊಕ್ಕಿತು. 1995ರ ಜನವರಿಯಲ್ಲಿ, ಇನ್ನೂ ಐವತ್ತೆಂಟರಲ್ಲೇ, ಅವರು ತೀರಿಕೊಂಡರು.

ಅಪ್ಪನ ಹಾಡುಗಳನ್ನು ಮಗ ರಾಜು ಅನಂತಸ್ವಾಮಿ ಹೊತ್ತರು. ರಾಜರತ್ನಂ ಅವರ ರತ್ನನ ಪದಗಳನ್ನು ಹಾಡುವಾಗ ಆತ ಹೆಂಡಗುಡುಕ ರತ್ನನೇ ಆಗಿಬಿಡುತ್ತಿದ್ದರು. ನಾಲಗೆ ತಡವರಿಸಿದರೂ ಶ್ರುತಿ ತಪ್ಪುತ್ತಿರಲಿಲ್ಲ. 2009ರ ಜನವರಿಯಲ್ಲಿ ಆ ದನಿಯೂ ನಿಂತಿತು. ವಯಸ್ಸು ಮೂವತ್ತಾರು.

ಇಂಥ ಅಕಾಲದ ಸಾವು ನಮಗಷ್ಟೇ ಬಂದದ್ದಲ್ಲ. 1959ರ ಫೆಬ್ರವರಿ 3ರಂದು ಅಮೆರಿಕದಲ್ಲಿ ವಿಮಾನ ಬಿದ್ದು, ರಾಕ್ ಅಂಡ್ ರೋಲ್ ಗಾಯಕರಾದ ಬಡಿ ಹಾಲಿ 22ಕ್ಕೆ, ರಿಚಿ ವಾಲೆನ್ಸ್ 17ಕ್ಕೆ ಸತ್ತರು. ಹಾಲಿಯ ಧ್ವನಿಮುದ್ರಿಕೆಗಳನ್ನು ಕೇಳಿ ಕಲಿತ ಲಿವರ್‌ಪೂಲಿನ ಹುಡುಗರೇ ಮುಂದೆ ಬೀಟಲ್ಸ್ ಎನಿಸಿಕೊಂಡರು. ಹಾಡು ಹಾಡಿದವನಿಗಿಂತ ಹೆಚ್ಚು ಕಾಲ ಬದುಕಿತು.

ನಮ್ಮಲ್ಲೂ ಹಾಗೆಯೇ. 2004ರಲ್ಲಿ ಕುವೆಂಪು ಪದ್ಯ ನಾಡಗೀತೆಯಾದ ಮೇಲೆ, ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರದೋ ಎಂಬ ವಾದ ಬಹುಕಾಲ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರದನ್ನೇ ಗೊತ್ತುಮಾಡಿ, ಎರಡೂವರೆ ನಿಮಿಷದೊಳಗೆ ಹಾಡಬೇಕೆಂದು ವಿಧಿಸಿತು. ಆ ತೀರ್ಮಾನವನ್ನು ಕೇಳಲು ಅಪ್ಪನೂ ಇರಲಿಲ್ಲ, ಮಗನೂ ಇರಲಿಲ್ಲ. 2009ರ ಡಿಸೆಂಬರಿನಲ್ಲೇ ಕಾಲವಶರಾಗಿದ್ದ ಅಶ್ವತ್ಥರೂ ಇರಲಿಲ್ಲ.

ಮರುದಿನ ಆ ಹುಡುಗನಿಗೆ ಈ ಅಪ್ಪ-ಮಕ್ಕಳ ಕಥೆ ಹೇಳಿದೆ. “ಮಗ ಹಾಡಿದ್ದು ಈಗಲೂ ಸಿಗುತ್ತಾ ತಾತ?” ಎಂದು ಕೇಳಿದ. ಸಿಗುತ್ತದಪ್ಪಾ, ಕೇಳು ಎಂದೆ. ಮೂವತ್ತಾರರ ಆಚೆ ಆತ ಹಾಡಬೇಕಾಗಿದ್ದುದು ಮಾತ್ರ ಯಾವ ಕ್ಯಾಸೆಟ್ಟಿನಲ್ಲೂ ಸಿಗುವುದಿಲ್ಲ ಎಂಬ ಮಾತನ್ನು ನುಂಗಿಕೊಂಡೆ. ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿತು, ಹುಡುಗ ಓಡಿದ. ನಾನು ಎಂದಿನಂತೆ ಅಲ್ಲೇ ನಿಂತೆ.