ಕೋಟೆಗೆ ಹತ್ತಿರದ ದಾರಿ ಯಾವುದು? ಶ್ರೀರಂಗಪಟ್ಟಣ 1791, 1792, 1799

ಭಾಗ 1: ಮೊದಲು ನಮ್ಮ ಕಥೆ

ಮೊದಲನೇ ಫೋಟೋ ನೋಡಿ. ಆ ಬಂಡೆಗಳು ಶ್ರೀರಂಗಪಟ್ಟಣ ಕೋಟೆಯ ಪಶ್ಚಿಮಕ್ಕಿರೋ ಕಾವೇರಿಯಲ್ಲಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಇವು ಮೇಲೆ ಬರ್ತವೆ. ಆ ಕಡೆ ಕಾಣೋದು ಕೋಟೆ ಗೋಡೆ.

ಇಂಟರ್ನಲ್ಸ್ ಮುಗಿದ ಮಾರನೇ ದಿನ ನಾವು ಮೂರು ಜನ ಅಲ್ಲಿಗೆ ಹೋಗಿದ್ವಿ. ಒಬ್ಬ ಕೆ.ಆರ್.ಪೇಟೆ, ಒಬ್ಬ ನಾಗಮಂಗಲ, ನಾನು ಪಾಂಡವಪುರ. ಐಡಿಯಾ ನಂದೇ. ರೋಡಲ್ಲಿ ಹೋದ್ರೆ ಸುತ್ತಿ ಬಳಸಿ ಸೇತುವೆ ದಾಟಬೇಕು. ಇಲ್ಲಿಂದ ಗೋಡೆ ಎದುರಿಗೇ ಕಾಣ್ತಿದೆ. 1799ರಲ್ಲಿ ಒಂದು ಸೈನ್ಯವೇ ಇಲ್ಲಿ ನಡ್ಕೊಂಡು ದಾಟಿದೆ ಅಂದ್ಮೇಲೆ ನಮಗೇನು ಕಷ್ಟ?

ಅರ್ಧ ದಾರಿಗೂ ಹೋಗಿರಲಿಲ್ಲ. ಪಾಚಿ ಕಟ್ಟಿದ ಬಂಡೆ ಮೇಲೆ ಕೆ.ಆರ್.ಪೇಟೆಯವನ ಕಾಲು ಜಾರಿತು. ಸೊಂಟದವರೆಗೂ ನೀರಿಗೆ ಬಿದ್ದ. ಎರಡು ಬಂಡೆ ನಡುವಿನ ಸೆಳೆತಕ್ಕೆ ಅವನ ಕಾಲು ನಿಲ್ತಾನೇ ಇರಲಿಲ್ಲ. ನಾನು ಅವನ ಬ್ಯಾಗಿನ ಪಟ್ಟಿ ಹಿಡ್ಕೊಂಡಿದ್ದೆ ಅಷ್ಟೇ. ಸ್ವಲ್ಪ ದೂರದಲ್ಲಿ ತೆಪ್ಪ ಹಾಕ್ತಿದ್ದ ವಯಸ್ಸಾದವರೊಬ್ಬರು ಕೂಗಿದ್ರು: "ಕಟ್ಟೇಲಿ ನೀರು ಬಿಟ್ರೆ ನಿಮಗೆ ಬಂದು ಹೇಳೋರು ಯಾರ‍್ರಪ್ಪಾ? ವಾಪಸ್ ಹೋಗ್ರಿ!"

ವಾಪಸ್ ಬಂದ್ವಿ. ಬಸ್ಸಲ್ಲಿ ಯಾರೂ ಮಾತಾಡಲಿಲ್ಲ. ಆದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ನಮ್ಮ ಕೈಲಿ ಒಂದು ಬ್ಯಾಗು, ಒಂದು ಫೋನು. ಅವರ ಕೈಲಿ ಬಂದೂಕು, ಏಣಿ, ಎದುರಿಗೆ ಫಿರಂಗಿ. ಅವರು ಹೇಗೆ ದಾಟಿದ್ರು? ಓದೋಕೆ ಶುರು ಮಾಡಿದೆ. ಓದಿದಾಗ ಗೊತ್ತಾಗಿದ್ದು: ಆ ಕೆಲವು ನಿಮಿಷದ ದಾರಿ ಸಿಗೋಕೆ ಎಂಟು ವರ್ಷ ಹಿಡಿದಿತ್ತು.

ಭಾಗ 2: 1791, ದಾರಿ ಸಿಕ್ಕಿತು, ಹೊಳೆ ಬಿಡಲಿಲ್ಲ

1791ರ ಮಾರ್ಚ್ 21ಕ್ಕೆ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ನೇರ ದಾರಿ ಯಾವುದು ಹೇಳಿ? ನಾವು ಇವತ್ತು ಹೋಗೋದೇ: ಚನ್ನಪಟ್ಟಣ, ಮದ್ದೂರು, ಮಂಡ್ಯದ ಕಡೆಯದು. ಟಿಪ್ಪುವಿಗೂ ಅದು ಗೊತ್ತಿತ್ತು. ಆ ದಾರಿಯ ಮೇವು ಸುಡಿಸಿ, ಊರುಗಳನ್ನ ಖಾಲಿ ಮಾಡಿಸಿದ್ದ. ಆ ಕಾಲದ ಸೈನ್ಯ ಅಂದ್ರೆ ಸಾವಿರಾರು ಎತ್ತು. ಮೇವಿಲ್ಲ ಅಂದ್ರೆ ಎತ್ತಿಲ್ಲ, ಎತ್ತಿಲ್ಲ ಅಂದ್ರೆ ಫಿರಂಗಿ ಒಂದು ಹೆಜ್ಜೆನೂ ಮುಂದಕ್ಕೆ ಹೋಗಲ್ಲ.

ಅದಕ್ಕೆ ಕಾರ್ನ್‌ವಾಲಿಸ್ ಕನಕಪುರದ ಕಡೆಯಿಂದ ಸುತ್ತಿ ಬಂದ. ಮೇ 13ಕ್ಕೆ ಅರಕೆರೆ ತಲುಪಿದ. ಅಲ್ಲಿ ಹೊಳೆ ದಾಟೋ ಲೆಕ್ಕ ಇತ್ತು, ಆದರೆ ನೀರು ಏರಿತ್ತು. ಮೇ 15ರಂದು ಅರಕೆರೆ ಹತ್ತಿರ ಯುದ್ಧ ಆಯ್ತು, ಗೆದ್ದ. ಗೆದ್ದು ಏನು ಬಂತು? ಕೋಟೆ ಹೊಳೆಯ ನಡುವೆ ಇದೆ.

ಇನ್ನೊಂದು ಸೈನ್ಯ ಅಬರ್‌ಕ್ರಾಂಬಿಯ ಕೈಕೆಳಗೆ ಕೊಡಗಿನ ಕಡೆಯಿಂದ ಪಿರಿಯಾಪಟ್ಟಣಕ್ಕೆ ಬಂದು ಕಾಯ್ತಿತ್ತು. ಅದರ ಜೊತೆ ಸೇರೋಣ ಅಂತ ಕಾರ್ನ್‌ವಾಲಿಸ್ ಕೋಟೆಯನ್ನ ಸುತ್ತು ಹಾಕಿ ಕನ್ನಂಬಾಡಿ ಕಡೆ ನಡೆದ. ಎತ್ತುಗಳು ರೋಗ, ಹಸಿವಿನಿಂದ ಸಾಯ್ತಿದ್ವು. ಫಿರಂಗಿಗಳನ್ನ ಮನುಷ್ಯರೇ ಎಳೆದ್ರು. ಕನ್ನಂಬಾಡಿ ಯಾವುದು ಅಂತ ಹೇಳಬೇಕಿಲ್ಲ ಅಲ್ವಾ? ಈಗ ಕೆ.ಆರ್.ಎಸ್. ಕಟ್ಟೆ ಇರೋ ಕಡೆ. ಹಳೇ ಊರು ನೀರಲ್ಲಿ ಮುಳುಗಿತು, ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ನೀವೆಲ್ಲ ರೀಲ್ಸ್ ಮಾಡೋದು ಅಲ್ಲೇ.

ಅಲ್ಲೂ ದಾಟೋಕೆ ಆಗಲಿಲ್ಲ. ಮೇ 22ರಂದು ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಒಡೆಸಿ ಹಾಕಿದ. ಅಬರ್‌ಕ್ರಾಂಬಿಗೂ ವಾಪಸ್ ಹೋಗು ಅಂದ.

ಭಾಗ 3: ಮೇಲುಕೋಟೆ ದಾರಿಯ ಧೂಳು

ಇದು ನಮ್ಮ ಪಾಂಡವಪುರ ತಾಲ್ಲೂಕಿನ ಸೀನ್.

ಮೇ 26. ಹಸಿದ ಸೈನ್ಯ ಮೇಲುಕೋಟೆ ಕಡೆ ಕಾಲೆಳೀತಾ ಹೊರಟಿದೆ. ದೂರದಲ್ಲಿ ಧೂಳು, ಕುದುರೆ ಸವಾರರು. ಟಿಪ್ಪುವಿನವರೇ ಬಂದ್ರು ಅಂತ ಎಲ್ಲರೂ ಬಂದೂಕು ಎತ್ತಿದ್ರು. ನೋಡಿದ್ರೆ ಇವರು ಇಷ್ಟು ದಿನ ದಾರಿ ಕಾಯ್ತಿದ್ದ ಮರಾಠರು! ಪರಶುರಾಮ ಭಾವು, ಹರಿಪಂತ ಫಡಕೆ ಅವರ ದಂಡು. ಜೊತೆಗೆ ದವಸ.

ಕೆಲವೇ ದಿನ ಮುಂಚೆ ಬಂದಿದ್ರೆ? ಬರ್ತಿದ್ದೀವಿ ಅನ್ನೋ ಸುದ್ದಿನಾದ್ರೂ ಸಿಕ್ಕಿದ್ರೆ? ಆದರೆ ಆ ಸುದ್ದಿ ತರೋರನ್ನೆಲ್ಲ ಟಿಪ್ಪುವಿನ ಕಡೆಯವರು ದಾರಿಯಲ್ಲೇ ತಡೆದಿದ್ರು. ಫಿರಂಗಿ ಒಡೆದು ನಾಲ್ಕು ದಿನ ಆದ್ಮೇಲೆ ನೆರವು ಬಂತು. ಆ ಸಲ ಕೋಟೆ ಉಳಿಸಿದ್ದು ಗೋಡೆ ಒಂದೇ ಅಲ್ಲ. ಕಾವೇರಿ, ಸುಟ್ಟ ಮೇವು, ತಲುಪದ ಕಾಗದ, ಮೂರೂ ಸೇರಿ ಉಳಿಸಿದ್ವು.

ಭಾಗ 4: 1792, ಹತ್ತಿರದ ದಾರಿ ರಾತ್ರಿಯಲ್ಲಿತ್ತು

ಮುಂದಿನ ವರ್ಷ ಕಾರ್ನ್‌ವಾಲಿಸ್ ಮೊದಲು ಬದಲಾಯಿಸಿದ್ದು ತಿಂಗಳನ್ನ. ಮೇ ಅಲ್ಲ, ಫೆಬ್ರವರಿ. ಹೊಳೆ ಇಳಿದಿರುತ್ತೆ. ದವಸ ಹೊರೋಕೆ ಬಂಜಾರರ ಎತ್ತಿನ ಹಿಂಡುಗಳು. ನಮ್ಮ ಕಡೆ ಲಂಬಾಣಿಗರು ಅಂತೀವಲ್ಲ, ಅವರ ಹಿರೀಕರೇ ಆಗಿನ ಲಾಜಿಸ್ಟಿಕ್ಸ್ ಕಂಪನಿ ಅಂದುಕೊಳ್ಳಿ.

ಫೆಬ್ರವರಿ 5ಕ್ಕೆ ಹಿರೋಡೆ ಹತ್ತಿರ ಬಂದು ಇಳಿದ್ರು. ಹಿರೋಡೆ ಅಂದ್ರೆ ಇವತ್ತಿನ ಪಾಂಡವಪುರ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿ ಇರ್ತಿದ್ರು ಅಂತ ಇಂಗ್ಲಿಷರು ಇದನ್ನ ಫ್ರೆಂಚ್ ರಾಕ್ಸ್ ಅಂತಿದ್ರು.

ಎಲ್ಲರೂ ಅಂದುಕೊಂಡಿದ್ದು ಫಿರಂಗಿ ಇಟ್ಟು ದಿನಗಟ್ಟಲೆ ಹೊಡೀತಾರೆ ಅಂತ. ಆದರೆ ಮಾರನೇ ರಾತ್ರಿಯೇ, ಫೆಬ್ರವರಿ 6ರ ಬೆಳದಿಂಗಳಲ್ಲಿ, ಒಂದು ಫಿರಂಗಿಯನ್ನೂ ತಗೊಳ್ಳದೆ ಮೂರು ಸಾಲಾಗಿ ನುಗ್ಗಿದ್ರು. ಎಡಗಡೆ ಸಾಲು ಕರಿಘಟ್ಟ ಹಿಡೀತು. ನಡುವಿನದು ಟಿಪ್ಪುವಿನ ಪಾಳೆಯದ ಮಧ್ಯೆಯೇ ಹಾದು ಹೊಳೆ ದಾಟಿ ದ್ವೀಪದ ಮೇಲೆ ಕಾಲಿಟ್ಟಿತು. ಬಲಗಡೆಯವರು ದಾರಿ ತಪ್ಪಿ ಹೋಗಬೇಕಿದ್ದ ಕಡೆ ಬಿಟ್ಟು ಈದ್ಗಾ ಹತ್ತಿರದ ಕೊತ್ತಳಕ್ಕೆ ಡಿಕ್ಕಿ ಹೊಡೆದ್ರು, ಅಲ್ಲಿ ತುಂಬ ಜನ ಸತ್ರು.

ಆಮೇಲೆ ಮುತ್ತಿಗೆಗೆ ಕಟ್ಟಿಗೆ ಬೇಕಿತ್ತು. ಗಂಜಾಂ ಕಡೆಯ ಲಾಲ್‌ಬಾಗ್ ತೋಟದ ಮರಗಳನ್ನ ಕಡಿದ್ರು. ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ. ಬಿ.ಕಾಂ. ಓದೋರು ಒಂದ್ಸಲ ಯೋಚಿಸಿ: ಅರ್ಧ ಆದಾಯ ಹೋದ್ಮೇಲೆ ಅಷ್ಟು ದೊಡ್ಡ ಸಾಲ ತೀರಿಸಬೇಕು. ಕೊನೆಗೆ ಅದು ಬರೋದು ಯಾರ ಗದ್ದೆಯಿಂದ?

ಭಾಗ 5: 1799, ಉದ್ದದ ದಾರಿಯೇ ಹತ್ತಿರ

ಈಗ ಹ್ಯಾರಿಸ್. 1799ರ ಮಾರ್ಚ್ 27ಕ್ಕೆ ಮಳವಳ್ಳಿಯಲ್ಲಿ ಯುದ್ಧ ಗೆದ್ದ. ಮುಂದೆ ಎಲ್ಲಿಗೆ? 1791ರ ಹಾಗೆ ಅರಕೆರೆ ಕಡೆಗೇ ಬರ್ತಾನೆ ಅಂತ ಟಿಪ್ಪು ಲೆಕ್ಕ ಹಾಕಿದ್ದ. ತಪ್ಪು ಲೆಕ್ಕ ಅಲ್ಲ ಅದು, ಮ್ಯಾಪಲ್ಲಿ ಹತ್ತಿರ ಅದೇ. ಆ ದಾರಿಯ ಮೇವನ್ನ ಮತ್ತೆ ನಾಶ ಮಾಡಿಸಿದ್ದ.

ಹ್ಯಾರಿಸ್ ಎಡಕ್ಕೆ ತಿರುಗಿದ. ಸೋಸಲೆ ಹತ್ತಿರ ಹೊಳೆ ಹಾಯೋ ಜಾಗ ಇತ್ತು, ಅಲ್ಲಿ ಸದ್ದಿಲ್ಲದೆ ಕಾವೇರಿ ದಾಟಿಬಿಟ್ಟ. ಆ ಕಡೆ ಮೇವು ಸುಟ್ಟಿರಲಿಲ್ಲ. ಸುತ್ತು ದಾರಿ, ನಿಧಾನದ ನಡಿಗೆ, ಆದರೆ ಎತ್ತುಗಳು ಬದುಕಿದ್ವು, ಫಿರಂಗಿಗಳು ಬಂದ್ವು. ಏಪ್ರಿಲ್ 5ಕ್ಕೆ ಕೋಟೆಯ ಪಶ್ಚಿಮದ ಕಡೆ ಬಂದು ನಿಂತ.

ಅದೇ ರಾತ್ರಿ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗೋಕೆ ಹೋದ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ದಾರಿ ತಪ್ಪಿ, ಏಟು ತಿಂದು ವಾಪಸ್ ಬಂದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದವನು ಇವನೇ. ಹಗಲು ನೋಡದ ಜಾಗಕ್ಕೆ ರಾತ್ರಿ ಕಾಲಿಡಬಾರದು ಅನ್ನೋ ಪಾಠ ಅವನು ಕಲಿತಿದ್ದು ನಮ್ಮ ತೆಂಗಿನ ತೋಟ, ಕಾಲುವೆಗಳ ನಡುವೆ.

ಭಾಗ 6: ಅಕ್ಕಿ ಲೆಕ್ಕ

ಏಪ್ರಿಲ್ 16ಕ್ಕೆ ಅಕ್ಕಿ ಎಷ್ಟಿದೆ ಅಂತ ಅಳೆಸಿದ್ರು. ಕ್ಲೋಸಿಂಗ್ ಸ್ಟಾಕ್ ನೋಡಿ ಹ್ಯಾರಿಸ್‌ಗೆ ದಿಗಿಲಾಯ್ತು. ಅರ್ಧ ಹೊಟ್ಟೆ ಲೆಕ್ಕದಲ್ಲಿ ಕೊಟ್ಟರೂ ಸಿಪಾಯಿಗಳಿಗೆ ಸಾಲೋದು ಸುಮಾರು 18 ದಿನಕ್ಕೆ. ಅಂದ್ರೆ ಮೇ ಮೊದಲ ವಾರದವರೆಗೆ. ಮೇ ನಡುವೆ ಹೊಳೆ ಏರಿದ್ರೆ ಏನಾಗುತ್ತೆ ಅನ್ನೋದು 1791ರಲ್ಲೇ ಎಲ್ಲರೂ ನೋಡಿದ್ರು.

ಹಾಗಾಗಿ ಬೇಕಿದ್ದದ್ದು ಬೇಗ ಒಳಗೆ ಹೋಗೋ ದಾರಿ. ಆರಿಸಿದ್ದು ವಾಯುವ್ಯ ಮೂಲೆ. ಎರಡು ಕಾರಣ. ಒಂದು, ಆ ಮೂಲೆಗೆ ಹೊಳೆಯ ಎರಡೂ ದಡದಿಂದ ಗುಂಡು ಹೊಡೀಬಹುದು. ಏಪ್ರಿಲ್ 14ಕ್ಕೆ ಬಂದು ಸೇರಿದ ಸ್ಟುವರ್ಟ್‌ನ ಬಾಂಬೆ ಸೈನ್ಯ ಉತ್ತರ ದಡದಲ್ಲಿ ಕೂತಿತ್ತು. ಎರಡು, ಅಲ್ಲಿ ಕಾವೇರಿ ಅಗಲ ಇದ್ರೂ ಬೇಸಿಗೆಯಲ್ಲಿ ಆಳ ಕಮ್ಮಿ, ತಳದಲ್ಲಿ ಬಂಡೆ. ಅಗಲ ಸುಮಾರು 280 ಗಜ. ನಾವು ಮೂರು ಜನ ದಾಟೋಕೆ ಹೋದ ಅದೇ ನೀರು.

ಮೇ 3ರ ಹೊತ್ತಿಗೆ ಗೋಡೆ ಹತ್ತೋವಷ್ಟು ಕುಸಿದಿತ್ತು. ಆ ರಾತ್ರಿ ಅಧಿಕಾರಿಗಳು ಕತ್ತಲಲ್ಲಿ ಹೊಳೆಗಿಳಿದು, ಎಲ್ಲಿ ಕಾಲು ನಿಲ್ಲುತ್ತೆ, ಎಲ್ಲಿ ನಿಲ್ಲಲ್ಲ ಅಂತ ನೋಡಿಕೊಂಡು ಬಂದ್ರು. ನಾವು ಮಾಡದೇ ಇದ್ದ ಕೆಲಸ ಇದೇ. ನಾವು ದಡದಲ್ಲಿ ನಿಂತು ಕಣ್ಣಲ್ಲೇ ಅಳೆದ್ವಿ.

ಭಾಗ 7: ಮೇ 4, ಮಧ್ಯಾಹ್ನ ಒಂದು ಗಂಟೆ

ಈ ಸಲ ರಾತ್ರಿಯಲ್ಲ, ಉರಿಬಿಸಿಲು. ಕೋಟೆಯವರು ಊಟ, ವಿಶ್ರಾಂತಿಗೆ ಹೋಗಿರೋ ಹೊತ್ತು ಅಂತಲೇ ಆರಿಸಿದ್ದು. ದಾಳಿಯ ಮುಂದಾಳು ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆ ಸಿಕ್ಕಿ, ಇದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಸರಪಳಿ ಹಾಕಿಸಿಕೊಂಡು ಇದ್ದವನು.

ಅಗೆದ ಕಾಲುವೆಗಳಿಂದ ಎದ್ದು, ಹೊಳೆ ದಾಟಿ, ಕುಸಿದ ಗೋಡೆ ಮೇಲೆ ಬಾವುಟ ನೆಡೋಕೆ ಆರೇಳು ನಿಮಿಷ. ಮೇಲೆ ಹತ್ತಿದ್ಮೇಲೆ ನೋಡಿದ್ರೆ ಎದುರಿಗೆ ಇನ್ನೊಂದು ಗೋಡೆ, ನಡುವೆ ಆಳವಾದ ಕಂದಕ! ಅದು ದೂರದಿಂದ ಕಂಡಿರಲಿಲ್ಲ. ಅಲ್ಲೇ ನಿಂತಿದ್ರೆ ಕಥೆ ಬೇರೆ ಆಗ್ತಿತ್ತು. ಆದರೆ ಕಂದಕಕ್ಕೆ ಅಡ್ಡವಾಗಿ ಒಂದು ಕಿರಿದಾದ ದಾರಿ ಸಿಕ್ಕಿತು, ಅದರಲ್ಲಿ ದಾಟಿದ್ರು.

ಟಿಪ್ಪು ಊಟಕ್ಕೆ ಕೂತಿದ್ದ. ನಂಬಿಕೆಯ ಸರದಾರ ಸೈಯದ್ ಗಫಾರ್ ಸತ್ತ ಅನ್ನೋ ಸುದ್ದಿ ಬಂತು. ಎದ್ದು ಕಾದಾಟಕ್ಕೆ ಹೋದವನು ವಾಪಸ್ ಬರಲಿಲ್ಲ. ರಾತ್ರಿ ದೀವಟಿಗೆ ಬೆಳಕಲ್ಲಿ, ಬಾಗಿಲ ಕೆಳಗೆ ಬಿದ್ದ ಹೆಣಗಳ ನಡುವೆ ಅವನ ದೇಹ ಸಿಕ್ಕಿತು.

ಮೀರ್ ಸಾದಿಕ್ ಕಥೆ ಗೊತ್ತು, ಅದಕ್ಕೆ ಇಲ್ಲಿ ಜಗಳ ಬೇಡ. ನಾನು ಹೇಳೋದಿಷ್ಟೇ: ಹೊಳೆ, ಅಕ್ಕಿ, ಮೇವು ಇವನ್ನ ಬಿಟ್ಟು ಬರೀ ದ್ರೋಹದ ಕಥೆ ಹೇಳಿದ್ರೆ ಅರ್ಧ ಇತಿಹಾಸ ಹೊಳೆಯಲ್ಲೇ ಬಿಟ್ಟು ಬಂದ ಹಾಗೆ.

ಭಾಗ 8: ಕಲ್ಲಿನ ಮೇಲೆ ಇಲ್ಲದ ಹೆಸರು

ಕೊನೇ ಫೋಟೋ: ಗೋಡೆ ಒಡೆದ ಜಾಗದ ಹತ್ತಿರ ಇರೋ ಎತ್ತರದ ಕಲ್ಲಿನ ಸ್ಮಾರಕ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ್ದು. ಮುತ್ತಿಗೆಯಲ್ಲಿ ಸತ್ತ ಅಧಿಕಾರಿಗಳ ಹೆಸರು ಕೆತ್ತಿದ್ದಾರೆ. ಹೋದಾಗ ನಿಂತು ಓದಿ.

ಆಮೇಲೆ ಅಲ್ಲಿ ಇಲ್ಲದವರನ್ನ ನೆನಪಿಸಿಕೊಳ್ಳಿ. ಯಾವ ದಾರಿ ಹತ್ತಿರ ಅಂತ ದೊಡ್ಡವರು ಯೋಚಿಸ್ತಿದ್ದಾಗ, ಆ ದಾರಿಯಲ್ಲಿ ಊರುಗಳಿದ್ವು. ಒಬ್ಬ ಮೇವು ಸುಟ್ಟ, ಇನ್ನೊಬ್ಬ ಉಳಿದಿದ್ದನ್ನ ಬಾಚಿಕೊಂಡ. ಮರಾಠರ ದಂಡು ಬಂದಾಗ ನಾಗಮಂಗಲ ಹಾಳಾಯ್ತು. ಇದನ್ನ ಹೇಳಿದಾಗ ನಮ್ಮ ನಾಗಮಂಗಲದ ಫ್ರೆಂಡ್ ಸುಮ್ಮನೆ ಕೂತ. "ನಮ್ಮೂರ ಹೆಸರು ಪಾಠದಲ್ಲಿ ಒಂದ್ಸಲಾನೂ ಬಂದಿಲ್ಲ ಕಣೋ" ಅಂದ. ಕೆ.ಆರ್.ಪೇಟೆಗೆ ಆಗ ಅತ್ತಿಕುಪ್ಪೆ ಅಂತ ಹೆಸರು. ಹಿರೋಡೆ, ಅತ್ತಿಕುಪ್ಪೆ, ಹಳೇ ಕನ್ನಂಬಾಡಿ: ಹೆಸರು ಬದಲಾದ್ವು, ಒಂದು ಊರು ಮುಳುಗೇ ಹೋಯ್ತು.

ನಾವು ಮೊನ್ನೆ ಮತ್ತೆ ಹೋದ್ವಿ, ಸೇತುವೆ ಮೇಲಿಂದಾನೇ, ಸುತ್ತು ಹಾಕಿ. ಸ್ಮಾರಕದ ಹತ್ತಿರ ನಿಂತು ಹೊಳೆ ನೋಡಿದ್ರೆ ನಾವು ಜಾರಿದ ಬಂಡೆ ಕಾಣಲೇ ಇಲ್ಲ. ನೀರು ಬಿಟ್ಟಿದ್ರು. ತೆಪ್ಪದ ತಾತ ಹೇಳಿದ್ದು ಅದನ್ನೇ.

ದಯವಿಟ್ಟು ಯಾರೂ ಆ ಬಂಡೆ ಮೇಲೆ ಟ್ರೈ ಮಾಡಬೇಡಿ. ಹತ್ತಿರ ಕಾಣೋ ದಾರಿಯಲ್ಲಿ ನೀರೆಷ್ಟು ಅಂತ ದಡದಲ್ಲಿ ನಿಂತವರಿಗೆ ಗೊತ್ತಾಗಲ್ಲ. ನಾನು ಕಲಿತಿದ್ದು ಒಂದು ಬ್ಯಾಗಿನ ಪಟ್ಟಿಯಿಂದ. ಆ ಪಟ್ಟಿ ಗಟ್ಟಿ ಇತ್ತು, ಅಷ್ಟೇ.