ದೇವರ ಮನೆಯ ನಾಣ್ಯ

ಎಂಟನೆಯ ತರಗತಿಯ ಮಕ್ಕಳಿಗೆ, ಮನೆಯಲ್ಲಿ ಹಳೆಯ ವಸ್ತುಗಳಿದ್ದರೆ ತನ್ನಿ ಎಂದು ಒಮ್ಮೆ ಹೇಳಿದ್ದೆ. ಸೇರು, ಪಾವು, ತಾಳೆಗರಿಗಳ ಜೊತೆ ಎರಡು ನಾಣ್ಯಗಳೂ ಬಂದವು. ಕುಣಿಗಲ್ ಕಡೆಯ ಹುಡುಗಿ ತಂದದ್ದು ಅರಿಸಿನ ಕುಂಕುಮ ಹಚ್ಚಿದ ದೊಡ್ಡ ತಾಮ್ರದ ನಾಣ್ಯ. ಒಂದು ಕಡೆ ರಾಮ ಪಟ್ಟಾಭಿಷೇಕ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818’. ಗುಬ್ಬಿ ಕಡೆಯ ಹುಡುಗ ತಂದದ್ದು ಅಜ್ಜಿಯ ಎಲೆಯಡಿಕೆ ಚೀಲದಲ್ಲಿದ್ದ ಸವೆದ ಕರಿಬಿಲ್ಲೆ. ಮಕ್ಕಳೆಲ್ಲ ಮೊದಲನೆಯದಕ್ಕೇ ಮುಗಿಬಿದ್ದರು. ಅದು ಖೋಟಾ, ಕರಿಬಿಲ್ಲೆಯೇ ಅಸಲಿ ಎಂದು ಎಲ್ಲರೆದುರಿಗೆ ಹೇಳಿಬಿಟ್ಟೆ. ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ.

ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಂಪನಿಯ ಆಡಳಿತದ ಪ್ರಾಂತಗಳಿಗೆಲ್ಲ ಒಂದೇ ಬಗೆಯ ನಾಣ್ಯ ಬಂದದ್ದು 1835ರಲ್ಲಿ. ಅದಕ್ಕೆ ಮೊದಲು ಬಂಗಾಳ, ಮದರಾಸು, ಮುಂಬಯಿಗಳ ಟಂಕಸಾಲೆಗಳು ಬೇರೆ ಬೇರೆ ನಾಣ್ಯ ಹೊಡೆಯುತ್ತಿದ್ದವು. ರಾಮನೋ ಹನುಮಂತನೋ ಇರುವ ಅರ್ಧ ಆಣೆಯನ್ನು ಕಂಪನಿ ಹೊರಡಿಸಲೇ ಇಲ್ಲ. 1616ರ ಇಸವಿ ಹಾಕಿದವೂ ಸಿಗುತ್ತವೆ! ಆ ವರ್ಷ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ, ವ್ಯಾಪಾರದ ಸವಲತ್ತು ಕೇಳಿಕೊಂಡು ಜಹಾಂಗೀರನ ಆಸ್ಥಾನದಲ್ಲಿ ಕಾದಿದ್ದ. ಪೂಜೆಗೆಂದು ಮಾಡಿಸುತ್ತಿದ್ದ ರಾಮಟಂಕಿಗಳು ಹಿಂದಿನಿಂದಲೂ ಇದ್ದವು. ಅವು ಹಣವಲ್ಲ, ಮೋಸವೂ ಅಲ್ಲ. ಅದರ ಮೇಲೆ ಕಂಪನಿಯ ಹೆಸರು ಕೂರಿಸಿ, ‘ಅಕ್ಕಿ ಸೆಳೆಯುವ ನಾಣ್ಯ, ಕೋಟಿ ಬೆಲೆ’ ಎಂದು ಮಾರುವುದು ಮೋಸ.

ಹುಡುಗನ ಕರಿಬಿಲ್ಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಒಂದು ಕಡೆ ಆನೆ, ಮೇಲೆ ‘ಶ್ರೀ’. ಇನ್ನೊಂದು ಕಡೆ ಕನ್ನಡದಲ್ಲಿ ‘ಮಯಿಲಿ ಕಾಸು’, ಜೊತೆಗೆ ಇಂಗ್ಲಿಷಿನಲ್ಲಿ ‘ಕ್ಯಾಶ್’. ನಮ್ಮ ಕಾಸನ್ನೇ ಅವರು ಹಾಗೆ ಬರೆದುಕೊಂಡರು. ಗುಬ್ಬಿ ಸಂತೆಯಲ್ಲಿ ಇಂಥವು ಎಷ್ಟು ಕೈ ಬದಲಾದವೋ! 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಗುಬ್ಬಿಯ ಅಡಿಕೆ ವ್ಯಾಪಾರದ ವಿಷಯ ಬರೆದಿದ್ದಾನೆ. ಆಗ ಬ್ಯಾಂಕು ಇರಲಿಲ್ಲ, ದುಡ್ಡಿದ್ದವರು ನೆಲದಲ್ಲಿ ಹೂಳುತ್ತಿದ್ದರು. ಯಶವಂತಪುರದ ಬಳಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿಯೇ ಸಿಕ್ಕಿತು. ಹೀಗೆ ನೆಲದಲ್ಲಿ ನಿಜವಾಗಿಯೂ ಸಿಗುವುದರಿಂದಲೇ ಸುಳ್ಳುಗಾರನ ಮಾತು ನಡೆಯುತ್ತದೆ. ‘ಪಾಯ ತೋಡುವಾಗ ಗಡಿಗೆ ಸಿಕ್ಕಿದೆ’ ಎಂದು ಬರುವವನು ಮೊದಲು ಒಂದು ಅಸಲಿ ಚಿನ್ನದ ಬಿಲ್ಲೆ ಕೊಡುತ್ತಾನೆ. ಅಕ್ಕಸಾಲಿಗ ಒರೆಗೆ ಹಚ್ಚಿ ‘ಚಿನ್ನವೇ’ ಎನ್ನುತ್ತಾನೆ. ಆಮೇಲೆ ಬರುವ ಗಂಟೆಲ್ಲ ಹಿತ್ತಾಳೆ.

ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ. ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಗುತ್ತದೆ. ಹಿತ್ತಾಳೆಯನ್ನು ಅದೇ ಅಗಲ, ಅದೇ ದಪ್ಪಕ್ಕೆ ಮಾಡಿದರೆ ಅರ್ಧ ತೂಕವೂ ಬಾರದು. ಅಯಸ್ಕಾಂತ ಹಿಡಿದು ಪ್ರಯೋಜನವಿಲ್ಲ, ಅದು ಹಿತ್ತಾಳೆಗೂ ಅಂಟುವುದಿಲ್ಲ. ಹಿಂದೆ ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಚಿತ್ರ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಸರಿದಿರುತ್ತಿತ್ತು. ಎರಕ ಹೊಯ್ದ ಖೋಟಾಗಳಲ್ಲಿ ಹತ್ತೂ ಒಂದೇ ಥರ ಸರಿದಿರುತ್ತವೆ. ಕುದುರೆ ಫಾರಂನಿಂದಾಗಿ ಕುಣಿಗಲ್ಲಿಗೆ ಟಿಪ್ಪುವಿನ ಹೆಸರು ಅಂಟಿದೆ. ‘ಟಿಪ್ಪು ಕಾಲದ್ದು’ ಎಂದರೆ ಇಲ್ಲಿ ಬೇಗ ನಂಬುತ್ತಾರೆ. ಟಿಪ್ಪು ತನ್ನ ಮೌಲೂದಿ ವರ್ಷಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1224 ಎಂಬುದು ನಮ್ಮ ಕಣ್ಣಿಗೆ 4221 ಎಂದು ಕಾಣಬೇಕು. ಶ್ರೀರಂಗಪಟ್ಟಣದಲ್ಲೋ ಹಂಪಿಯಲ್ಲೋ ಪ್ರವಾಸಿಗರನ್ನು ಹಿಂಬಾಲಿಸಿ ಮಾರುವವರಿಗೆ ಇದೆಲ್ಲ ಗೊತ್ತಿರುವುದಿಲ್ಲ, ಕೊಳ್ಳುವವರಿಗೂ ಗೊತ್ತಿರುವುದಿಲ್ಲ.

ಕಾನೂನು ಮಾತ್ರ ಸ್ವಲ್ಪ ವಿಚಿತ್ರ. ಅಪರಾಧ ಕಾನೂನಿನ ಪ್ರಕಾರ ‘ನಾಣ್ಯ’ವೆಂದರೆ ಈಗ ಹಣವಾಗಿ ಚಲಾವಣೆಯಲ್ಲಿರುವುದು. ಹಾಗಾಗಿ ಹಳೆಯದರ ನಕಲು ಮಾಡಿ ಮಾರಿದರೆ ಅದು ಖೋಟಾ ನಾಣ್ಯದ ಅಪರಾಧವಲ್ಲ, ವಂಚನೆ. ವಂಚನೆ ಸಾಮಾನ್ಯವಾಗಿ ಬೆಳಕಿಗೆ ಬರುವುದು ಮೋಸಹೋದವನು ಮುಂದೆ ಬಂದು ದೂರು ಕೊಟ್ಟಾಗ. ಅವನು ಬರುವುದಿಲ್ಲ, ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಕೊಳ್ಳಹೊರಟಿದ್ದೆ ಎಂದು ತಾನೇ ಒಪ್ಪಿಕೊಂಡಂತಾಗುತ್ತದಲ್ಲ!

ನಾಲ್ಕನೆಯ ದಿನ ಹುಡುಗಿಯನ್ನು ಕರೆದುಕೊಂಡು ಅವಳ ತಂದೆ ಬಂದರು. ಆ ವರ್ಷದ ಕೊಬ್ಬರಿ ದುಡ್ಡೆಲ್ಲ ಆ ನಾಣ್ಯಕ್ಕೆ ಹೋಗಿತ್ತು. ದೂರು ಕೊಡಿ, ನಾನೂ ಜೊತೆಗೆ ಬರುತ್ತೇನೆ ಎಂದೆ. “ಬ್ಯಾಡಿ ಮೇಷ್ಟ್ರೇ, ಊರೋರು ನಗ್ತಾರೆ. ದುಡ್ಡು ಹೋದ್ದು ಹೋಯ್ತು. ಮೂರು ವರ್ಷ ಅದಕ್ಕೆ ಪೂಜೆ ಮಾಡಿದೀವಲ್ಲ, ಅದುನ್ನ ಏನ್ ಮಾಡಾದು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮಗುವನ್ನು ಪಕ್ಕಕ್ಕೆ ಕರೆದು ಹೇಳಬೇಕಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆನೆಯ ಕಾಸನ್ನು ಅಜ್ಜಿ ಮರುದಿನವೇ ವಾಪಸು ತರಿಸಿಕೊಂಡಿದ್ದರು. ರಾಮನ ನಾಣ್ಯವನ್ನು ಆ ತಂದೆ, ಮಕ್ಕಳಿಗೆ ತೋರಿಸೋಕೆ ಇರಲಿ ಎಂದು ಶಾಲೆಗೇ ಬಿಟ್ಟುಹೋದರು. ಅದು ಸಮಾಜ ಕೊಠಡಿಯ ಬೀರುವಿನಲ್ಲಿದೆ. ಮಹೋತ್ಸವಕ್ಕೆ ಬಂದವರು ಕೇಳಿ ನೋಡಬಹುದು. ಭೂತಗನ್ನಡಿ ಹಿಡಿದರೆ ಅಂಚಿನಲ್ಲಿ ಸುತ್ತಲೂ ಎರಕದ ಗೆರೆ ಕಾಣುತ್ತದೆ. ಕುಂಕುಮ ಇನ್ನೂ ಆ ಗೆರೆಯಲ್ಲಿ ಅಂಟಿಕೊಂಡಿದೆ.