ಬಂದರು ಬಾಯಿಯ ಸೆಳೆತ: ಕರ್ನಾಟಕ ಕರಾವಳಿಯ ಹಡಗು ಸಂಚಾರ

ಬಂದರಿನ ಹತ್ತಿರ ಹಡಗನ್ನು ಅದರ ದಾರಿಯಿಂದ ಪಕ್ಕಕ್ಕೆ ಒಯ್ಯುವ ನೀರಿನ ಹರಿವೇ ಸೆಳೆತ. ಉಬ್ಬರ-ಇಳಿತ, ನದಿಯ ನೀರು, ಗಾಳಿ, ದಡದುದ್ದಕ್ಕೂ ಸಾಗುವ ಕಡಲ ಪ್ರವಾಹ ಇವೆಲ್ಲ ಸೇರಿ ಅದು ಹುಟ್ಟುತ್ತದೆ. ನಡುಗಡಲಲ್ಲಿ ಹಡಗು ಮೈಲಿಗಟ್ಟಲೆ ಸರಿದರೂ ತಿದ್ದಿಕೊಳ್ಳಬಹುದು. ಬಂದರಿನ ಬಾಯಲ್ಲಿ ಅಷ್ಟು ಜಾಗವಿರುವುದಿಲ್ಲ. ಒಳಗೆ ಹೋಗಿ ನಿಲ್ಲಬೇಕಾದ ಹಡಗು ವೇಗ ತಗ್ಗಿಸಲೇಬೇಕು, ವೇಗ ತಗ್ಗಿದಷ್ಟೂ ಚುಕ್ಕಾಣಿಯ ಹಿಡಿತ ಸಡಿಲವಾಗುತ್ತದೆ. ಮುಂಭಾಗ ತಡೆಗೋಡೆಯ ಮರೆಯ ಶಾಂತ ನೀರಿಗೆ ಬಂದು, ಹಿಂಭಾಗ ಇನ್ನೂ ಹರಿವಿನಲ್ಲೇ ಇರುವ ಗಳಿಗೆ ಎಲ್ಲಕ್ಕಿಂತ ಅಪಾಯದ್ದು. ಆಗ ಹಡಗು ಅಡ್ಡ ತಿರುಗಲು ನೋಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದರ ನೂಕುಬಲ ಸುಮಾರು ನಾಲ್ಕು ಪಟ್ಟಾಗುತ್ತದೆ.

ಈ ಅಪಾಯದ ಅರಿವು ಭಾರತದ ಪಶ್ಚಿಮ ಕರಾವಳಿಗೆ ಹೊಸದಲ್ಲ. ಕ್ರಿ.ಶ. 1ನೇ ಶತಮಾನದ ಗ್ರೀಕ್ ಕೈಪಿಡಿ ‘ಪೆರಿಪ್ಲಸ್’, ನರ್ಮದೆಯ ಮುಖದಲ್ಲಿ ಭರೂಚಿಗೆ ಬರುವ ಹಡಗುಗಳನ್ನು ಉಬ್ಬರ ಹೇಗೆ ಎತ್ತಿ ಒಗೆಯುತ್ತಿತ್ತು ಎಂದು ವರ್ಣಿಸುತ್ತದೆ. ಅಲ್ಲಿನ ರಾಜ ಸ್ಥಳೀಯ ಮೀನುಗಾರರನ್ನೇ ನೇಮಿಸಿ, ಬರುವ ಹಡಗುಗಳನ್ನು ಎದುರ್ಗೊಂಡು ಒಳಗೆ ತರಿಸುತ್ತಿದ್ದನಂತೆ. ಇಂದಿನ ಬಂದರು ಪೈಲಟ್ ಮಾಡುವುದೂ ಅದೇ ಕೆಲಸ.

ಕರ್ನಾಟಕದಲ್ಲಿ ಉಬ್ಬರ ಅಷ್ಟು ಉಗ್ರವಲ್ಲ. ಮಂಗಳೂರಿನಲ್ಲಿ ಏರಿಳಿತ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಇಲ್ಲಿ ಕಾಟ ಕೊಟ್ಟದ್ದು ನದಿ ಮತ್ತು ಮರಳು. ಘಟ್ಟದಿಂದ ಇಳಿಯುವ ನೇತ್ರಾವತಿಗೆ ವ್ಯವಧಾನವಿಲ್ಲ. ಮಳೆಗಾಲದಲ್ಲಿ ಅದು ಫಲ್ಗುಣಿಯ (ಗುರುಪುರ ನದಿಯ) ಜತೆ ಅಳಿವೆ ಬಾಗಿಲಿನಲ್ಲಿ ಕಡಲಿಗೆ ನುಗ್ಗುತ್ತದೆ. ಹೊರಗಿನಿಂದ ಬರುವ ಅಲೆ ಎದುರು ಹರಿವಿಗೆ ಸಿಕ್ಕಿ ಕಡಿದಾಗಿ ಎದ್ದು ಒಡೆಯುತ್ತದೆ. ಕೆಳಗೆ ಮರಳದಿಬ್ಬ ಪ್ರತಿವರ್ಷ ಜಾಗ ಬದಲಿಸುತ್ತದೆ. ಹಾಗಾಗಿ ದೊಡ್ಡ ಹಡಗುಗಳು ಮಂಗಳೂರಿನ ಹಳೆಬಂದರಿನ ಒಳಗೆ ಬರುತ್ತಲೇ ಇರಲಿಲ್ಲ. ಹೊರಗೆ ಲಂಗರು ಹಾಕಿ ನಿಂತ ಹಡಗಿಗೆ ಹಂಚು, ಕಾಫಿ, ಗೋಡಂಬಿಯನ್ನು ದೋಣಿಗಳಲ್ಲಿ ಸಾಗಿಸಬೇಕಿತ್ತು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು.

ಸ್ವಾತಂತ್ರ್ಯಾನಂತರ ಸರ್ವಋತು ಬಂದರಿಗಾಗಿ ಸಂಸದ ಯು. ಶ್ರೀನಿವಾಸ ಮಲ್ಯ ದುಡಿದರು. ಎಂಜಿನಿಯರುಗಳು ನದೀಮುಖವನ್ನು ತಿದ್ದುವ ಬದಲು ಬಿಟ್ಟೇಬಿಟ್ಟರು. ಹಳೆಬಂದರಿಗೆ ಉತ್ತರದ ಪಣಂಬೂರಿನಲ್ಲಿ ನೆಲ ಅಗೆದು ಕೊಳ ಮಾಡಿ, ಅದಕ್ಕೆ ಕಡಲಿನಿಂದ ಕಾಲುವೆ ತೋಡಿ, ಬಾಯಿಯ ಎರಡೂ ಬದಿ ತಡೆಗೋಡೆ ಕಟ್ಟಿದರು. ಈ ನಿರ್ಧಾರವೇ ಇಡೀ ಯೋಜನೆಯ ಜಾಣತನ. ಹೀಗೆ ಹುಟ್ಟಿದ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರು ಹಡಗುಗಳಿಗಾಗಿ ಕಾಲುವೆಯನ್ನು ಇನ್ನಷ್ಟು ಆಳ ಮಾಡಲಾಯಿತು. ಈಗ ಅದರ ಉದ್ದ ಸುಮಾರು 7.5 ಕಿ.ಮೀ.

ಆದರೂ ಕಡಲು ಸುಮ್ಮನಿಲ್ಲ. ಮಳೆಗಾಲದಲ್ಲಿ ದಡದ ಪ್ರವಾಹ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಸಾಗುತ್ತದೆ. ಪಶ್ಚಿಮಕ್ಕೆ ಚಾಚಿದ ಕಾಲುವೆಗೆ ಎರಡೂ ಅಡ್ಡ ಸೆಳೆತವೇ. ಪೈಲಟ್ ಹಡಗನ್ನು ತುಸು ಓರೆಯಾಗಿಸಿ ಒಳತರುತ್ತಾನೆ, ಒಳಗೆ ಟಗ್ಗುಗಳು ಹಿಡಿದುಕೊಳ್ಳುತ್ತವೆ. ಕಾಲುವೆಯಲ್ಲಿ ತುಂಬುವ ಹೂಳನ್ನು ವರ್ಷವರ್ಷವೂ ತೆಗೆಸಬೇಕು.

ದೊಡ್ಡ ಅವಘಡಗಳು ಹೆಚ್ಚಾಗಿ ಮಳೆಗಾಲದ ಹೊಸ್ತಿಲಲ್ಲೇ ನಡೆದಿವೆ. 2006ರ ಮೇ 30ರಂದು ಕಾರವಾರದ ಬಳಿ ‘ಓಷನ್ ಸೆರಾಯಾ’ ಬಂಡೆಗೆ ಬಡಿದು ಕಡಲಿಗೆ ಎಣ್ಣೆ ಚೆಲ್ಲಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ‘ಕೋರಮಂಡಲ್ ಸಪೋರ್ಟರ್’ ಟಗ್ ಮೂಲ್ಕಿ ಬಳಿ ಬಂಡೆಗಳ ನಡುವೆ ಸಿಲುಕಿದಾಗ 9 ಮಂದಿಯನ್ನು ಪಾರುಮಾಡಲಾಯಿತು. ಇವಕ್ಕೆ ಸೆಳೆತವೊಂದೇ ಕಾರಣವೆನ್ನುವುದು ತಪ್ಪು. ಗಾಳಿ, ಅಲೆ, ಸೆಳೆತ ಒಟ್ಟಿಗೇ ಎರಗುವ ಕಾಲವದು.

ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಇಂದಿಗೂ ಹೋಗುತ್ತದೆ, ಮೀನುಗಾರಿಕಾ ದೋಣಿಗಳು ಇಂದಿಗೂ ಅಳಿವೆ ಬಾಗಿಲನ್ನೇ ದಾಟುತ್ತವೆ. ಅಲ್ಲಿಯೂ ತಡೆಗೋಡೆಗಳು ಬಂದಿವೆ. ಪಕ್ಕದ ಉಳ್ಳಾಲದ ಕಡಲ್ಕೊರೆತಕ್ಕೆ ಅವೂ ಕಾರಣವೆಂಬ ದೂರು ತೀರದವರದು. ಮೀನಿನ ಸಂತಾನಕ್ಕಾಗಿ ಜೂನ್ 1ರಿಂದ ಜುಲೈ 31ರವರೆಗೆ ಜಾರಿಯಲ್ಲಿರುವ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ, ಅಳಿವೆ ಅತಿ ಉಗ್ರವಾಗಿರುವ ತಿಂಗಳುಗಳಲ್ಲಿ ದೋಣಿಗಳನ್ನೂ ದಡದಲ್ಲೇ ಉಳಿಸುತ್ತದೆ.